ಬಾಜೂಕ ಯಾರೂ ಇಲ್ಲದವರಿಗೆ

ಕಂಪ್ಯೂಟರಿನ ಮುಂದೆ ಬೇರೆಯವರು ಕುಳಿತರೆ ಬಸಲಿಂಗಪ್ಪ ಕಾಕಾ ತಮ್ಮ ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು ಕುಳಿತುಬಿಡುತ್ತಿದ್ದರು. ಬಾಯಿಯೂ ಬಂದ್. ನಾವು ತಪ್ಪು ಗುಂಡಿ ಒತ್ತಿದಾಗ ಅವರ ಭುಜ ಜಿಗಿಯುತ್ತಿತ್ತು, ಕೈ ಮಾತ್ರ ಹೊರಗೆ ಬರುತ್ತಿರಲಿಲ್ಲ. ಹಸಿದವರ ಮುಂದೆ ತಾಟು ಇಟ್ಟು ಮುಟ್ಟಬೇಡಿ ಅಂದಹಾಗಿರುತ್ತಿತ್ತು ಅವರ ಮುಖ.

ಎರಡು ಸಾವಿರದ ಇಸವಿಯ ಆಸುಪಾಸಿನ ಮಾತು. ಖಾನಾಪುರದ ಬಸ್ ಸ್ಟ್ಯಾಂಡಿನ ಹತ್ತಿರ ನಾನು ಮೂರು ಕಂಪ್ಯೂಟರ್ ಇಟ್ಟುಕೊಂಡು ಕ್ಲಾಸ್ ನಡೆಸುತ್ತಿದ್ದೆ. ಕಲಿಸುವ ನನಗೇ ಅರ್ಧಂಬರ್ಧ ಬರುತ್ತಿತ್ತು, ಆ ಮಾತು ಬೇರೆ. ಕಾಕಾ ಟೆಲಿಫೋನ್ ಖಾತೆಯಲ್ಲಿ ಲೈನ್ ರಿಪೇರಿ ಮಾಡಿ ನಿವೃತ್ತರಾದವರು. ಹುಟ್ಟಿದ್ದು ಖಾನಾಪುರದ ಹತ್ತಿರದ ಬೀಡಿ ಎಂಬ ಹಳ್ಳಿಯಲ್ಲಿ. ಇದ್ದದ್ದು ಬೆಳಗಾವಿಯ ಕ್ಯಾಂಪ್ ಪ್ರದೇಶದಲ್ಲಿ, ಹಳೆಯ ಬಂಗಲೆಯ ಹಿಂದಿನ ಬಾಡಿಗೆ ಕೋಣೆಯಲ್ಲಿ, ಒಬ್ಬರೇ. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಯಾರು ಬೇಕಾದರೂ ಪುಕ್ಕಟೆ ಬಳಸಬಹುದಾದ, ತಿದ್ದಬಹುದಾದ ಒಂದು ಮುಕ್ತ ತಂತ್ರಾಂಶವಿತ್ತು. ದೇಶ ದೇಶಗಳ ಜನ ಸೇರಿ ಕಟ್ಟುತ್ತಿದ್ದ ಅದರ ಕೈಪಿಡಿಗೆ ಕಾಕಾ ಒಂದು ಪುಟ ಬರೆಯುತ್ತಿದ್ದರು: ಫೋನ್ ಲೈನಿಗೆ ಮೋಡೆಮ್ ಜೋಡಿಸಿ ಇಂಟರ್ನೆಟ್ಟಿಗೆ ಹೋಗುವುದು ಹೇಗೆ. ಸರಳ ಇಂಗ್ಲಿಷಿನಲ್ಲಿ ಬರೆದು, ಅಚ್ಚು ತೆಗೆದು, ಅದನ್ನು ಹಿಡಿದುಕೊಂಡು ಬುಧವಾರ ಬುಧವಾರ ನನ್ನಲ್ಲಿಗೆ ಬರುತ್ತಿದ್ದರು.

“ಬೆಳಗಾವ್ಯಾಗ ಎಲ್ಲಾರೂ ಶಾಣ್ಯಾರ ಅದಾರವಾ. ನನಗ ಏನೂ ಗೊತ್ತಿಲ್ಲದವರು ಬೇಕು. ನೀ ಅದೀಯಲ್ಲ!” ಅಂದಿದ್ದರು. ಸಿಟ್ಟು ಬರುವ ಮೊದಲೇ ನಗು ಬಂತು.

ಮೊದಲ ಬುಧವಾರ ಹಾಳೆಯಲ್ಲಿದ್ದಂತೆಯೇ ಮಾಡುತ್ತಾ ಹೋದೆ. ಲೈನ್ ಹತ್ತಲಿಲ್ಲ. ಮತ್ತೆ ಮಾಡಿದೆ, ಮತ್ತೆ ಹತ್ತಲಿಲ್ಲ.

“ಕಾಕಾ, ಹೇಳ್ರಲಾ!”

“ನಾ ಇಲ್ಲೆ ಇಲ್ಲ ಅಂತ ತಿಳಕೋ. ಎಲ್ಲೋ ಒಬ್ಬಾಂವ ಒಬ್ಬನ ಕುಂತಿರತಾನ. ಕೇಳಬೇಕಂದ್ರ ಬಾಜೂಕ ಯಾರೂ ಇರೂದಿಲ್ಲ. ಅವನ ಬಾಜೂಕ ನಾ ಹೋಗಿ ಕುಂದರಾಕ ಆಗತೈತೇನು? ಈ ಹಾಳೀನ ಕುಂದರಬೇಕು.”

ನಾನು ಮುನಿಸಿಕೊಂಡು ಏಳುವುದರಲ್ಲಿದ್ದೆ. ಅಷ್ಟರಲ್ಲಿ ಕಾಕಾ ಬಗ್ಗಿ ಮೇಜಿನ ಕೆಳಗೆ ನೋಡಿ ಹಣೆ ಬಡಿದುಕೊಂಡರು. “ಅಯ್ಯ ಶಿವನ! ಫೋನಿನ ವಾಯರ್ ತಗದು ಮೋಡೆಮ್ಮಿಗೆ ಹಾಕು ಅಂತ ನಾ ಬರದೇ ಇಲ್ಲಲಾ! ತಪ್ಪು ನಿಂದಲ್ಲವಾ, ಹಾಳೀದು.” ಜೀವನವೆಲ್ಲ ವಾಯರಿನಲ್ಲೇ ಕಳೆದವರಿಗೆ ಅದೂ ಒಂದು ಹೇಳುವ ಮಾತೆಂದು ಹೊಳೆದಿರಲಿಲ್ಲ. ನನಗೋ, ತಪ್ಪು ನಿನ್ನದಲ್ಲ ಎಂದು ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ. ಆ ಸಾಲು ಸೇರಿಸಿಕೊಂಡು ಬಂದ ಮುಂದಿನ ಬುಧವಾರ ಲೈನ್ ಹತ್ತಿತು.

ಪುಟ ಕೈಪಿಡಿಯಲ್ಲಿ ಸೇರಿತು. ಕೊನೆಗೆ ಕಾಕಾನ ಹೆಸರು, ಇಮೇಲ್ ವಿಳಾಸ, ‘ಕೆಲಸ ಆಯಿತೋ ಇಲ್ಲವೋ ಬರೆಯಿರಿ’ ಎಂಬ ಒಂದು ಸಾಲು. ಯಾರೂ ಬರೆಯಲಿಲ್ಲ. ನಾನು ಕೇಳಿದರೆ, “ಕೆಲಸ ಆದಮ್ಯಾಲ ಯಾರ ಬರೀತಾರವಾ? ಎದ್ದು ಹೊಂಡತಾರ” ಎಂದು ನಗುತ್ತಿದ್ದರು. ಆದರೂ ಕಾಕಾ ನನ್ನಲ್ಲಿಗೆ ಬಂದು ಚಪ್ಪಲಿ ಬಿಟ್ಟು ಮೊದಲು ನೋಡುತ್ತಿದ್ದದ್ದು ಮೇಲ್. ಯಾವನೋ ಒಬ್ಬ ಗುರುತಿಲ್ಲದವನ ಒಂದು ಮಾತಿಗೆ ಆ ಜೀವ ಎಷ್ಟು ಕಾದಿತ್ತೆಂದು ನನಗೆ ಗೊತ್ತಿತ್ತು.

ವರ್ಷ ಕಳೆದ ಮೇಲೆ ತಂತ್ರಾಂಶದ ಹೊಸ ಆವೃತ್ತಿ ಬಂತು. ನನ್ನ ಕಂಪ್ಯೂಟರಿಗೇ ಹಾಕಿ ನೋಡಿದರು. ಏನೂ ಹೇಳಿಸಿಕೊಳ್ಳದೆ ಅದು ತಾನೇ ಮೋಡೆಮ್ ಹುಡುಕಿಕೊಂಡಿತು. “ಏ, ಹುಡುಗೂರು ಛಲೋ ಮಾಡ್ಯಾರ!” ಎಂದು ತೊಡೆ ತಟ್ಟಿದರು. ಕೂಡಲೇ ಕೈಪಿಡಿ ಕಟ್ಟುತ್ತಿದ್ದವರಿಗೆ ಬರೆಯಲು ಕುಳಿತರು: ನನ್ನ ಪುಟ ಇನ್ನು ತಪ್ಪು, ತೆಗೆದುಹಾಕಿ.

“ಇರ್ಲಿ ಬಿಡ್ರಿ ಕಾಕಾ. ನಿಮ್ಮ ಹೆಸರಿರತೈತಿ. ಇವತ್ತಿಲ್ಲ ನಾಳೆ ಯಾರರ ಬರೀತಾರ.”

“ಹಳೇದ ಓದಿ ಪಾಪ ಒಬ್ಬನ ಹೆಣಗಾಡಕೋಂತ ಕುಂದರತಾನ. ನನ್ನ ಹೆಸರಿನ ಸಲುವಾಗಿ ಅವಂಗ್ಯಾಕ ತ್ರಾಸ?”

ಪುಟ ಹೋಯಿತು. ಧನ್ಯವಾದವೆಂದು ಎರಡು ಸಾಲು ಬಂತು. ಆಮೇಲೆ ಒಂದು ಬುಧವಾರ ಬಂದು ಸುಮ್ಮನೆ ಕುಳಿತು ಹೋದರು. ಮತ್ತೆ ಬರುವುದನ್ನೇ ಬಿಟ್ಟರು.

ಬೇಸಿಗೆಯಲ್ಲಿ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕರು. ಕ್ಯಾಂಪಿನ ಕೋಣೆ ಬಿಟ್ಟು ಬೀಡಿಗೆ, ತಮ್ಮನ ಮನೆಗೆ ಹೊರಟಿದ್ದರು. ಸೊರಗಿದ್ದರು. “ಏನವಾ, ನಿನ್ನ ಕಂಪ್ಯೂಟರ್ ಏನರ ತಕರಾರ ಮಾಡಾಕತ್ತಾವೇನು?” ಎಂದು ಕೇಳಿದರು. ಒಂದೂ ಮಾಡುತ್ತಿರಲಿಲ್ಲ. ಆದರೆ ಆ ಮುಖ ನೋಡಿ ಹಾಗೆನ್ನಲು ಬಾಯಿ ಬರಲಿಲ್ಲ.

“ಹೂಂ ಕಾಕಾ. ಒಂದು ನಿಂತಬಿಟ್ಟೈತ್ರಿ. ನೀವ ಬಂದು ನೋಡಬೇಕು.”

ಮುಖ ಅರಳಿತು. “ಹೌದಾ? ಸ್ಕ್ರೀನ್ ಮ್ಯಾಲ ಏನ ಬರತೈತಿ? ಇದ್ದದ್ದು ಇದ್ದಂಗ ಹೇಳು.”

ಅದನ್ನು ನಾನು ಯೋಚಿಸಿರಲಿಲ್ಲ. ತಡವರಿಸಿದೆ. ಕಾಕಾ ನನ್ನನ್ನೇ ನೋಡಿದರು. “ಏನೂ ನಿಂತಿಲ್ಲ ಅದು,” ಎಂದರು ಮೆಲ್ಲಗೆ. “ಇರ್ಲಿ. ಬರ್ತೇನಿ ಬಿಡವಾ, ಚಾ ಕುಡಿಯಾಕ ಬರ್ತೇನಿ.” ಬೀಡಿ ಬಸ್ ಬಂತು, ಹತ್ತಿಕೊಂಡರು.

ಬರಲಿಲ್ಲ. ಆ ಮಳೆಗಾಲದಲ್ಲಿ ತೀರಿಕೊಂಡರೆಂದು ಬೀಡಿಯಿಂದ ಕ್ಲಾಸಿಗೆ ಬರುತ್ತಿದ್ದ ಹುಡುಗಿ ಹೇಳಿದಳು. ಅಂದು ಆ ಕೈಪಿಡಿಯನ್ನು ತೆರೆದು ಮೊದಲಿನಿಂದ ಕೊನೆಯವರೆಗೆ ಹುಡುಕಿದೆ. ಕಾಕಾ ಬರೆದ ಒಂದು ಸಾಲೂ ಇರಲಿಲ್ಲ. ಆ ಪುಟ ಓದಿ ಮೊದಲು ಲೈನ್ ಹತ್ತಿದ್ದು ನನಗೆ. ಅವರು ಅಲ್ಲೇ ಕುಳಿತು ನೋಡುತ್ತಿದ್ದರಲ್ಲ, ಬರೆದು ತಿಳಿಸುವುದೇನು ಅಂದುಕೊಂಡಿದ್ದೆ. ಈಗ ಕುಳಿತು ಅವರ ವಿಳಾಸಕ್ಕೆ ಬರೆದೆ: ‘ಕಾಕಾ, ನಿಮ್ಮ ಪುಟ ಓದಿದೆ. ಕೆಲಸ ಆಯಿತು.’ ಅಂಥ ವಿಳಾಸವೇ ಇಲ್ಲವೆಂದು ಅದು ಮರಳಿ ಬಂತು.