ಜೋಳದ ಎಲೆಯ ಕೆಂಪು

ಇಳಕಲ್ಲಿನ ಕಲ್ಲಿನ ಖಣಿಯಲ್ಲಿ ಗಾಳೆಪ್ಪನ ಕಿವಿ ಹೋದದ್ದು ೧೯೭೫ರಲ್ಲಿ. ಮದ್ದು ತುಂಬಿದ ಕುಳಿಗಳಲ್ಲಿ ಒಂದು ತಡವಾಗಿ ಸಿಡಿಯಿತು. ಮೈಗೆ ಒಂದು ಗೀರೂ ಆಗಲಿಲ್ಲ. ಎದ್ದು ಧೂಳು ಕೊಡವಿಕೊಂಡು ನೋಡಿದರೆ ಜೊತೆಯವರ ಬಾಯಿ ಆಡುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಆಗ ಅವನಿಗೆ ಇಪ್ಪತ್ತೇಳು ವರ್ಷ.

ಮೊದಮೊದಲು ಎಲ್ಲರೂ ಕಿವಿಯ ಹತ್ತಿರ ಬಂದು ಕೂಗಿದರು. ಆಮೇಲೆ ಕೈಸನ್ನೆ ಮಾಡಿದರು. ವರ್ಷ ತುಂಬುವುದರೊಳಗೆ ಅದೂ ನಿಂತಿತು. ಹೆಂಡತಿ ಲಗಮವ್ವ ಅವನನ್ನು ಬಿಟ್ಟು ಹೋಗಲಿಲ್ಲ, ಬೇಸರವನ್ನೂ ತೋರಿಸಲಿಲ್ಲ. ಆದರೆ ಉಣ್ಣು, ನೀರು ತಾ, ಮಲಗು, ಇಷ್ಟಕ್ಕೆ ಮಾತ್ರ ಅವರಲ್ಲಿ ಸನ್ನೆಗಳಿದ್ದವು. ಗಾಳೆಪ್ಪ ಏಳನೆಯ ಇಯತ್ತೆ ಓದಿದ್ದ. ಅವಳಿಗೆ ಅಕ್ಷರ ಬರುತ್ತಿರಲಿಲ್ಲ. ಉಳಿದ ಮಾತೆಲ್ಲ ಇಬ್ಬರ ಹೊಟ್ಟೆಯಲ್ಲೇ ಉಳಿಯಿತು.

ಮೂರು ವರ್ಷದ ಮೇಲೆ ಹುನಗುಂದದ ಹೊರಗಿದ್ದ ಒಂದು ಸಣ್ಣ ಬೆಳೆ ಸಂಶೋಧನಾ ಕೇಂದ್ರದಲ್ಲಿ ಅವನಿಗೆ ಗಾಜಿನ ಸಾಮಾನು ತೊಳೆಯುವ ಕೆಲಸ ಸಿಕ್ಕಿತು. ಯಾರೊಡನೆಯೂ ಮಾತು ಬೇಡದ ಕೆಲಸ. ನಾಲ್ಕು ವರ್ಷ ಹಾಗೇ ತೊಳೆದ.

೧೯೮೨ರಲ್ಲಿ ಸಂಗಯ್ಯ ಎಂಬ ವಿಜ್ಞಾನಿ ಅಲ್ಲಿಗೆ ಬಂದರು. ಜೋಳದ ಎಲೆಗೆ ಬೂಷ್ಟಿನ ರೋಗ ತಗುಲಿದಾಗ ಕೆಲವು ತಳಿ ಒಣಗಿ ಹೋಗುತ್ತವೆ, ಕೆಲವು ಮೈಮೇಲೆ ಕೆಂಪು ಚುಕ್ಕೆ ಹೊತ್ತುಕೊಂಡೇ ಉಳಿಯುತ್ತವೆ. ಅದು ಏಕೆಂದು ತಿಳಿಯುವುದು ಅವರ ಮೂರು ವರ್ಷದ ಯೋಜನೆ. ಅವರ ಹಿಂದೆಯೇ ಮರದ ಪೆಟ್ಟಿಗೆಯಲ್ಲಿ ಹೊಸ ಸೂಕ್ಷ್ಮದರ್ಶಕವೊಂದು ಬಂತು. ಅದರ ನೇರಳೆ ಬೆಳಕಿನಲ್ಲಿ ಎಲೆಯ ಚೂರು ತಾನೇ ಹಳದಿ ಹಸಿರಾಗಿ ಹೊಳೆಯುತ್ತಿತ್ತು. ಕರೆಂಟು ಹೋಗಿ ದೀಪ ಆರಿತೆಂದರೆ, ತಣಿದ ಮೇಲೆಯೇ ಮತ್ತೆ ಹಚ್ಚಬೇಕು.

ಸಂಗಯ್ಯನವರು ಮೊದಲ ದಿನವೇ ಬಜಾರಿನಿಂದ ಒಂದು ಪಾಟಿ, ಬಳಪ ತಂದರು. ಬರೆದು ತೋರಿಸಿದರು: "ಗಾಳೆಪ್ಪ, ಎಲಿ ತೆಳ್ಳಗ ಕೊಯ್ಯಾಕ ಬರ್ತೈತೇನು?"

ಆರು ವರ್ಷದಲ್ಲಿ ಯಾರಾದರೂ ಅವನನ್ನು ಕೇಳಿದ ಮೊದಲ ಪ್ರಶ್ನೆ ಅದು. ಕಲ್ಲಿನ ಎಳೆ ನೋಡಿ ಉಳಿ ಹಿಡಿದಿದ್ದ ಕೈಗೆ ಬ್ಲೇಡು ಬೇಗ ಒಗ್ಗಿತು. ಎಲೆಯ ಸಿಪ್ಪೆ ತೆಗೆಯುವುದು, ಬಣ್ಣ ಹಾಕುವುದು, ಗಾಜಿನ ಮೇಲೆ ಹರವುವುದು, ಎಲ್ಲವನ್ನೂ ಪಾಟಿಯ ಮೇಲೆಯೇ ಕಲಿತ.

ಸಂಗಯ್ಯನವರು ಎಲೆಗೆ ಬೂಷ್ಟಿನ ಕಣ ಸಿಂಪಡಿಸಿ, ಮೂರನೆಯ ದಿನ ಅದನ್ನು ಹಸಿರು ಬಿಡುವ ಹಾಗೆ ಸ್ಪಿರಿಟಿನಲ್ಲಿ ಕುದಿಸಿ ನೋಡುತ್ತಿದ್ದರು. ಒಮ್ಮೆ ಸ್ಪಿರಿಟು ಮುಗಿದಿತ್ತು. ಅದನ್ನು ತರಲು ಅವರು ಬೆಳಿಗ್ಗೆ ಬಾಗಲಕೋಟೆಗೆ ಹೋದರು. ಹಿಂದಿನ ಸಂಜೆ ಸಿಂಪಡಿಸಿದ ಎಳೆ ಗಿಡಗಳು ಕುಂಡದಲ್ಲಿದ್ದವು. ಗಾಳೆಪ್ಪ ಉಳಿಯುವ ತಳಿಯ ಗಿಡವೊಂದರ ಎಲೆಯ ಸಿಪ್ಪೆ ತೆಗೆದು, ಕುದಿಸದೆ, ಜೀವಂತವಾಗಿಯೇ ನೀರಿನ ಹನಿಯಲ್ಲಿಟ್ಟು ನೋಡುತ್ತ ಕೂತ.

ಬೂಷ್ಟಿನ ಕಣವೊಂದು ಕಾಲು ಚಾಚಿ ಎಲೆಯ ಕೋಶದ ಗೋಡೆಗೆ ಒತ್ತಿ ನಿಂತಿತ್ತು. ಮಧ್ಯಾಹ್ನದ ಹೊತ್ತಿಗೆ ಆ ಕೋಶದೊಳಗೆ ಸಣ್ಣ ಹನಿಗಳು ಮೂಡಿದವು. ಮೊದಲು ಬಣ್ಣವಿರಲಿಲ್ಲ, ಆಮೇಲೆ ತಿಳಿಗೆಂಪು, ಕೊನೆಗೆ ಇಟ್ಟಂಗಿಯ ಕೆಂಪು. ಒಂದೊಂದೇ ಸರಿದು ಬೂಷ್ಟು ಒತ್ತಿದ ಜಾಗದಲ್ಲೇ ಗುಂಪುಗೂಡಿದವು, ದೊಡ್ಡದಾದವು, ಒಡೆದವು. ಕೋಶವಿಡೀ ಕೆಂಪಾಗಿ ಸತ್ತಿತು. ಬೂಷ್ಟು ಅಲ್ಲಿಂದ ಮುಂದೆ ಹೋಗಲಿಲ್ಲ. ಒಣಗುವ ತಳಿಯ ಸಿಪ್ಪೆಯನ್ನೂ ಇಟ್ಟು ನೋಡಿದ. ಅಲ್ಲಿ ಬೂಷ್ಟು ಮೂರು ಕೋಶ ದಾಟಿಯಾಗಿತ್ತು, ಒಂದು ಹನಿಯೂ ಇರಲಿಲ್ಲ.

ಸಂಗಯ್ಯನವರು ಬಸ್ಸಿಳಿದು ಬರುವುದನ್ನೇ ಕಾಯುತ್ತಿದ್ದ ಗಾಳೆಪ್ಪ ಬಾಗಿಲಲ್ಲೇ ಕೂಗಿದ: "ಈ ಕೆಂಪು ರೋಗದ್ದಲ್ರಿ ಸಾಹೇಬ್ರ! ಗಿಡದ್ದರಿ! ಗಿಡಾನ ಮಾಡ್ಕೋತೈತ್ರಿ!"

ತನ್ನ ದನಿ ಎಷ್ಟು ದೊಡ್ಡದೆಂದು ಅವನಿಗೆ ತಿಳಿಯದು. ಹೊಲದ ಆಳುಗಳೂ ತಿರುಗಿ ನೋಡಿದರು. ಸಂಗಯ್ಯನವರು ಪಾಟಿಯ ಮೇಲೆ ಬರೆದರು: "ನಿನಗ ಭ್ರಮಿ ಆಗೇತಿ. ನಾಳೆ ನನ್ನ ಮುಂದ ತೋರ್ಸು."

ಮರುದಿನ ತೋರಿಸಿದ. ನೇರಳೆ ದೀಪ ಹಚ್ಚಿ ನೋಡಿದರೆ ಕೆಂಪು ಕೋಶದ ಗೋಡೆ ಸುತ್ತಲಿನದಕ್ಕಿಂತ ಹೆಚ್ಚು ಹೊಳೆಯುತ್ತಿತ್ತು; ಗಿಡವೇ ಅದನ್ನು ಗಟ್ಟಿ ಮಾಡಿಕೊಂಡಿತ್ತು. ಸಂಗಯ್ಯನವರು ಕಣ್ಣು ತೆಗೆಯಲಿಲ್ಲ. ಬಹಳ ಹೊತ್ತಿನ ಮೇಲೆ ಬರೆದರು: "ಖರೆ."

ಮುಂದಿನ ಎರಡು ವರ್ಷ ಗಾಳೆಪ್ಪನ ಬದುಕಿನಲ್ಲಿ ಮಾತು ತುಂಬಿತ್ತು. ದಿನಕ್ಕೆ ಎಷ್ಟು ಸಲ ಪಾಟಿ ಒರೆಸುತ್ತಿದ್ದರೋ! ಸಂಗಯ್ಯನವರು ಬನಶಂಕರಿಗೆ ಹೋಗಿಬಂದರೆ ಅದನ್ನೂ ಬರೆಯುತ್ತಿದ್ದರು, ಮಗಳಿಗೆ ಹಲ್ಲು ಬಂದರೆ ಅದನ್ನೂ.

೧೯೮೫ರಲ್ಲಿ ಯೋಜನೆ ಮುಗಿಯಿತು. ಸಂಗಯ್ಯನವರಿಗೆ ದೂರದ ಊರಿಗೆ ವರ್ಗವಾಯಿತು, ಸೂಕ್ಷ್ಮದರ್ಶಕ ಅವರ ಸಂಗಡ ಹೋಯಿತು. ಗಾಳೆಪ್ಪ ಮತ್ತೆ ಗಾಜು ತೊಳೆಯತೊಡಗಿದ. ಹೊಸ ಅಧಿಕಾರಿಗೆ ಕುಸುಬಿಯ ಕೆಲಸ. ಅವರು ಬೆರಳು ಮಾಡಿ ತೋರಿಸುತ್ತಿದ್ದರು, ಅಷ್ಟೇ.

ಎರಡು ವರ್ಷದ ಮೇಲೆ ಅಂಚೆಯಲ್ಲಿ ಸಂಗಯ್ಯನವರು ಬರೆದ ಇಂಗ್ಲಿಷಿನ ಒಂದು ಲೇಖನ ಬಂತು. ಗಾಳೆಪ್ಪ ಅದನ್ನು ಸಾಲೆಯ ನೀಲಪ್ಪ ಮಾಸ್ತರರ ಹತ್ತಿರ ಒಯ್ದ. ಮಾಸ್ತರರು ಕೊನೆಯ ಸಾಲಿಗೆ ಬೆರಳಿಟ್ಟು, ಕಾಗದದ ಮೇಲೆ ಬರೆದರು: "ಸಹಾಯಕ್ಕಾಗಿ ಗಾಳೆಪ್ಪನಿಗೆ ಕೃತಜ್ಞತೆ."

"ಕೆಂಪು ಹನಿ ಮೊದ್ಲ ಯಾರು ಕಂಡ್ರು ಅಂತ ಬರದಾರ್ರಿ?"

ಮಾಸ್ತರರು ಹಾಳೆಗಳನ್ನು ಹಿಂದೆ ಮುಂದೆ ತಿರುವಿದರು. ಬರೆದರು: "ಯಾರು ಅಂತ ಇಲ್ಲ. 'ಕಂಡುಬಂತು' ಅಂತ ಐತಿ."

ಗಾಳೆಪ್ಪ ಲೇಖನವನ್ನು ಮಡಚಿ ಅಂಗಿಯೊಳಗಿಟ್ಟುಕೊಂಡ. ಸಂಗಯ್ಯನವರಿಗೆ ಮೂರು ಪತ್ರ ಬರೆದ. ಮೊದಲನೆಯದಕ್ಕೆ ಮಾತ್ರ ಉತ್ತರ ಬಂತು.

ಕೇಂದ್ರದಲ್ಲಿ ಹಳೆಯ ಸಾದಾ ಸೂಕ್ಷ್ಮದರ್ಶಕವೊಂದು ಮೂಲೆಯಲ್ಲಿತ್ತು. ರಜೆಯ ದಿನಗಳಲ್ಲಿ ಅದನ್ನು ಕಿಟಕಿಗೆ ತಂದಿಟ್ಟುಕೊಂಡು ಒಬ್ಬನೇ ಜೋಳದ ಸಿಪ್ಪೆ ನೋಡುತ್ತಿದ್ದ. ಕಂಡದ್ದನ್ನು ಹೇಳಲು ಯಾರೂ ಇರಲಿಲ್ಲ.

೧೯೮೮ರ ಒಂದು ಭಾನುವಾರ, ಉಣ್ಣಲು ಬರಲಿಲ್ಲವೆಂದು ಲಗಮವ್ವ ರೊಟ್ಟಿ ಕಟ್ಟಿಕೊಂಡು ಅಲ್ಲಿಗೇ ಬಂದಳು. ಅವನು ಎದ್ದು ಅವಳನ್ನು ಸ್ಟೂಲಿನ ಮೇಲೆ ಕೂರಿಸಿದ. ಒಂದು ಕಣ್ಣು ಮುಚ್ಚಲು ತೋರಿಸಿಕೊಟ್ಟ. "ಕೆಂಪು ಕಾಣ್ತೈತಲ್ಲ, ಅದು ಸತ್ತೈತಿ. ಬಾಜೂಕಿನವು ಉಳಿಲಿ ಅಂತ ಸತ್ತೈತಿ."

ಲಗಮವ್ವ ಬಹಳ ಹೊತ್ತು ನೋಡಿದಳು. ತಲೆಯೆತ್ತಿ, ಎದೆ ಮುಟ್ಟಿಕೊಂಡು, ಮುಖ ಕಿವುಚಿ, ಗಾಜಿನ ಕಡೆಗೆ ಕೈ ತೋರಿಸಿದಳು. ಅದಕ್ಕೆ ನೋವಾಗುತ್ತದೇನು ಎಂದು ಕೇಳುತ್ತಿದ್ದಳು.

"ಗೊತ್ತಿಲ್ಲ" ಎಂದ ಗಾಳೆಪ್ಪ.

ಅವಳು ಮತ್ತೆ ಬಗ್ಗಿ ಕಣ್ಣಿಟ್ಟಳು. ಅವನು ರೊಟ್ಟಿಯ ಗಂಟು ಬಿಚ್ಚದೆ ಪಕ್ಕದಲ್ಲಿ ನಿಂತೇ ಇದ್ದ.