ಕಾಕಾನ ಕಾರಿಗೆ ಸಿಗದ ಜಾಗ

ಮೊನ್ನೆ ಹುಬ್ಬಳ್ಳಿಯಲ್ಲಿ ಒಂದು ದೊಡ್ಡ ಅಂಗಡಿಯ ಮುಂದೆ ಕಾರು ನಿಲ್ಲಿಸಲು ಜಾಗ ಹುಡುಕುತ್ತಿದ್ದೆ. ನೆಲಕ್ಕೆ ಆಗತಾನೇ ಬಿಳಿ ಗೆರೆ ಎಳೆದಿದ್ದರು. ಹಸಿ ಬಣ್ಣದ ವಾಸನೆ ಕಿಟಕಿಯೊಳಗಿಂದ ಬಂದು ಮೂಗಿಗೆ ಹತ್ತಿತು. ಎಲ್ಲ ಚೌಕಗಳೂ ತುಂಬಿದ್ದವು. ಮೂಲೆಯಲ್ಲಿ ಒಂದು ಮಾತ್ರ ಖಾಲಿ ಕಂಡಿತು, ಹತ್ತಿರ ಹೋದರೆ ಅದೂ ಖಾಲಿ ಇರಲಿಲ್ಲ. ನಟ್ಟನಡುವೆ ಒಬ್ಬ ಮುದುಕಿ ಬಾರಿಹಣ್ಣಿನ ಬುಟ್ಟಿ ಇಟ್ಟುಕೊಂಡು ಕಾಲು ಚಾಚಿ ಕುಳಿತಿದ್ದಳು. ಕಾವಲಿನವನು ಸೀಟಿ ಊದುತ್ತ ಓಡಿಬಂದ.

"ಏಳಬೇ ಯಮ್ಮಾ, ಸಾಹೇಬ್ರ ಗಾಡಿ ಬರಾಕತ್ತೈತಿ."

ಆಕೆ ಏಳಲಿಲ್ಲ. ಸುತ್ತಲಿನ ಗೆರೆಯನ್ನು ಬೆರಳಿನಿಂದ ತೋರಿಸಿ, "ನಾ ಗೆರಿ ಒಳಗ ಕುಂತೇನಲ್ಲೋ" ಎಂದಳು.

ನನಗೆ ನಗು ತಡೆಯಲಾಗಲಿಲ್ಲ. ಕಾವಲಿನವನಿಗೆ ಸಾಹೇಬರು ಯಾಕೆ ನಗುತ್ತಿದ್ದಾರೆಂದು ತಿಳಿಯಲಿಲ್ಲ. ಅವನಿಗೆ ಸವಣೂರಿನ ನಮ್ಮ ಕಾಕಾನ ಕಥೆ ಗೊತ್ತಿಲ್ಲವಲ್ಲ, ಪಾಪ. ನಿಮಗೂ ಗೊತ್ತಿಲ್ಲ, ಆದ್ದರಿಂದ ಕಾರು ಅಲ್ಲೇ ನಿಂತಿರಲಿ, ಹೇಳಿಬಿಡುತ್ತೇನೆ.

ಕಾಕಾ ಎಂದರೆ ನಮ್ಮಪ್ಪನ ತಮ್ಮ. ಸವಣೂರಿನ ಪೇಟೆಯಲ್ಲಿ ಅವರದು ಅರಿವೆ ಅಂಗಡಿ. ತಲೆಯ ಮೇಲೆ ಪಟಗ, ಹೆಗಲ ಮೇಲೆ ಶಲ್ಯ, ಬಾಯಲ್ಲಿ 'ಶಿಸ್ತು' ಎಂಬ ಶಬ್ದ. ಮಳೆ ಹೊತ್ತಿಗೆ ಸರಿಯಾಗಿ ಬರದಿದ್ದರೂ "ಶಿಸ್ತಿಲ್ಲ" ಎನ್ನುವ ಮನುಷ್ಯ. ಕಾಕಾನ ಈ ಗುಣ ಕಂಡೇ ಊರ ಹಿರಿಯರು ಅವರನ್ನು ಸಂತೆ ಕಮಿಟಿಗೆ ಅಧ್ಯಕ್ಷರನ್ನಾಗಿ ಮಾಡಿದರು ಎಂದು ಕಾಕಾ ಹೇಳುತ್ತಿದ್ದರು. ಬೇರೆ ಯಾರೂ ಒಪ್ಪಲಿಲ್ಲ, ಅದಕ್ಕೆ ಮಾಡಿದರು ಎಂದು ಕಾಕಾನ ಹೆಂಡತಿ, ನಮ್ಮ ಕಾಕು, ಹೇಳುತ್ತಿದ್ದಳು. ನಾನಾಗ ಕಾಲೇಜು ಮುಗಿಸಿ, ನೌಕರಿ ಸಿಗುವ ತನಕ ಅಂಗಡಿಯಲ್ಲಿ ಸೀರೆ ಮಡಚುತ್ತಿದ್ದೆ. ಮಡಚಿದ್ದನ್ನು ಕಾಕಾ ಇನ್ನೊಮ್ಮೆ ಮಡಚುತ್ತಿದ್ದರು. ಹೀಗೆ ಕೈ ಖಾಲಿ ಇದ್ದ ನಾನು ಕಮಿಟಿಯ ಕಾರ್ಯದರ್ಶಿಯಾದೆ.

ಸವಣೂರಿನ ಪೇಟೆ ನೀವು ನೋಡಿದ್ದರೆ ಕಮಿಟಿ ಯಾಕೆ ಬೇಕಾಯಿತೆಂದು ಕೇಳುವುದಿಲ್ಲ. ರಜೆ ಬಂತೆಂದರೆ ಬಂಕಾಪುರದಲ್ಲಿ ನವಿಲು ನೋಡಿದವರು ನಮ್ಮೂರಿನ ದೊಡ್ಡ ಹುಣಸೆಮರ ನೋಡಲು ಬರುತ್ತಾರೆ. ಮರ ನೋಡಿದವರು ನಮ್ಮೂರಿನ ಹೆಸರಾದ ತಿಂಡಿ ಖಾರ ಕೊಳ್ಳಲು ಪೇಟೆಗೆ ಬರುತ್ತಾರೆ. ಬಂದವರು ಕಾರನ್ನು ಎಲ್ಲಿ ಬ್ರೇಕ್ ಹತ್ತಿತೋ ಅಲ್ಲೇ ಬಿಟ್ಟು ಇಳಿಯುತ್ತಾರೆ. ಅದರ ಜೊತೆಗೆ ಸಂತೆಯೂ ಕೂಡಿದರೆ ಕೇಳುವುದೇ ಬೇಡ. ಸೊಪ್ಪು ಮಾರುವ ತಪ್ಪಲಪಲ್ಯದವರು, ಬಳ್ಳೊಳ್ಳಿಯವರು, ಬಳೆಗಾರರು, ಬಾಂಡೆಪಾತ್ರೆಯವರು ರಸ್ತೆಯ ಎರಡೂ ಕಡೆ ಕುಳಿತು, ಹೊತ್ತೇರಿದ ಹಾಗೆ ಒಂದೊಂದು ಗೇಣು ಮುಂದೆ ಸರಿದು, ಮಧ್ಯಾಹ್ನದ ಹೊತ್ತಿಗೆ ನಡುರಸ್ತೆಯಲ್ಲಿ ಎದುರುಬದುರು ಕೂಡಿ ಮಾತಿಗೆ ಶುರುವಾಗುತ್ತಿದ್ದರು.

ಈ ಗದ್ದಲದಲ್ಲಿ ಸಿಕ್ಕಿಬೀಳುತ್ತಿದ್ದದ್ದು ಹತ್ತಿಮತ್ತೂರಿನ ಬಸ್ಸು. ಚಂದವೇನೆಂದರೆ, ಬೆಳಗ್ಗೆ ಅದೇ ಬಸ್ಸಿನಲ್ಲಿ ಬುಟ್ಟಿ ಹೇರಿಕೊಂಡು ಬಂದಿಳಿದವರೇ ಅದರ ದಾರಿಯಲ್ಲಿ ಅಂಗಡಿ ಹರವಿ, ಅದು ಎರಡನೆಯ ಸಲ ಬರುವಾಗ ಒಂದಿಂಚೂ ಬಿಡುತ್ತಿರಲಿಲ್ಲ. ಬಸ್ಸು ಹಾರ್ನ್ ಹೊಡೆದು ಹೊಡೆದು ಸುಮ್ಮನಾಗುತ್ತಿತ್ತು. ಡ್ರೈವರ್ ಎಂಜಿನ್ ಬಂದ್ ಮಾಡಿ ಮಿರ್ಚಿ ತಿನ್ನಲು ಇಳಿಯುತ್ತಿದ್ದ. ಒಳಗಿದ್ದವರು ಕಿಟಕಿಯಿಂದಲೇ ಮೆಂತ್ಯೆ, ಸಬ್ಬಸಿಗೆ ಚೌಕಾಶಿ ಮಾಡಿ ಕೊಳ್ಳುತ್ತಿದ್ದರು. ಬಸ್ಸಿನಿಂದ ಇಳಿಯದೆಯೇ ಸಂತೆ ಮುಗಿಸಿ ಅದೇ ಬಸ್ಸಿನಲ್ಲಿ ಊರಿಗೆ ತಿರುಗಿ ಹೋದವರಿದ್ದಾರೆ.

ಕೊನೆಗೆ ಡಿಪೋದ ಸಾಹೇಬರು ಕಾಕಾನ ಅಂಗಡಿಗೇ ಬಂದು ಹೇಳಿದರು. "ಮುಂದಿನ ಸಂತಿಗೆ ನಾನ ಬಸ್ಸಿನಾಗ ಕುಂತ ಬರ್ತೇನ್ರಿ. ಅವತ್ತೂ ಹಾದಿ ಸಿಗಲಿಲ್ಲಂದ್ರ ಸಂತಿ ದಿನ ಬಸ್ ಊರೊಳಗ ಬರೂದಿಲ್ಲ. ನಾಕಾದಾಗ ಮಂದೀನ ಇಳಿಸಿ ತಿರುಗಿಸ್ತೇವಿ."

ನಾಕಾ ಎಂದರೆ ಊರ ಹೊರಗಿನ ಕೂಡುರಸ್ತೆ. ಅಲ್ಲಿಂದ ಪೇಟೆಗೆ ಬುಟ್ಟಿ ಹೊತ್ತು ನಡೆಯಬೇಕು. ಇದನ್ನು ಕೇಳಿ ಎಲ್ಲರಿಗಿಂತ ಹೆಚ್ಚು ಹೆದರಿದವಳು ಗೌರವ್ವ. ಹತ್ತಿಮತ್ತೂರಿನಿಂದ ತಪ್ಪಲಪಲ್ಯ ತಂದು ಕಾಕಾನ ಅಂಗಡಿಯ ಮೆಟ್ಟಿಲ ಮುಂದೆ ಮಾರುವವಳು. ಉಳಿದ ಹೆಂಗಸರಿಗೆಲ್ಲ ಅವಳೇ ಹಿರಿಯಳು.

"ಸಾವ್ಕಾರ್ರ, ನನ್ನ ಮೊಣಕಾಲಾಗ ಎಣ್ಣಿ ಮುಗದೈತ್ರಿ," ಎಂದಳು ಕಾಕಾನಿಗೆ. "ನಾಕಾದಿಂದ ಬುಟ್ಟಿ ಹೊತ್ತ ಬರೂದು ನನ್ನಿಂದ ಆಗಂಗಿಲ್ಲ. ಆ ಬಸ್ ಹ್ವಾತಂದ್ರ ನನ್ನ ಸಂತೀನೂ ಹ್ವಾತ್ರಿ."

"ನಾ ಅದೇನಿ, ಸುಮ್ನಿರು," ಎಂದರು ಕಾಕಾ.

ಕಾಕಾನ ಯೋಜನೆ ಹೀಗಿತ್ತು. ಸಂತೆಯವರೆಲ್ಲ ಕೆರೆಯ ಹಿಂದಿನ ಬಯಲಿಗೆ ಹೋಗಬೇಕು. ಪೇಟೆಯ ರಸ್ತೆಯ ಬದಿಗೆ ಬಿಳಿ ಚೌಕ ಹಾಕಿ, ನಂಬರ್ ಬರೆದು, ಕಾರುಗಳನ್ನು ಅದರೊಳಗೇ ನಿಲ್ಲಿಸಬೇಕು. ನಡುವೆ ಬಸ್ಸು ಆರಾಮಾಗಿ ಹೋಗಬೇಕು. ಕೇಳಲು ಚೊಲೋ ಇತ್ತು. ಆದರೆ ಕಾಕಾ ಅದೇ ತಿಂಗಳು ಹಾವೇರಿಯಿಂದ ಒಂದು ಹಳೆಯ ಬಿಳಿ ಕಾರು ತಂದಿದ್ದರು. ಒಂದನೆಯ ನಂಬರಿನ ಚೌಕ ಸರಿಯಾಗಿ ನಮ್ಮ ಅಂಗಡಿಯ ಮುಂದೆಯೇ ಬಂತು. ಈ ಎರಡು ಸಂಗತಿಗಳಿಗೂ ಸಂಬಂಧವಿಲ್ಲವೆಂದು ಕಾಕಾ ಇವತ್ತಿಗೂ ಆಣೆ ಮಾಡುತ್ತಾರೆ.

ಸಂತೆಯ ಹಿಂದಿನ ದಿನ ಗೆರೆ ಎಳೆದೆವು. ದಾರದ ಒಂದು ತುದಿ ಕಾಕಾ ಹಿಡಿದರು, ಇನ್ನೊಂದನ್ನು ನಾನು ಹಿಡಿದೆ. ನಾನು ಹಿಡಿದ ಕಡೆಯೆಲ್ಲ ಗೆರೆ ಸೊಟ್ಟಗೆ ಬಂತು. ನಂಬರುಗಳನ್ನೂ ನಾನೇ ಬರೆದೆ. ಏಳು ಬರೆಯಲು ಹೋಗಿ ಬಣ್ಣದ ಡಬ್ಬಿಯನ್ನು ಅಂಗಿಯ ಮೇಲೆ ಕೆಡವಿಕೊಂಡೆ, ಆ ಅಂಗಿ ಇನ್ನೂ ನಮ್ಮ ಮನೆಯಲ್ಲಿ ನೆಲ ಒರೆಸುತ್ತಿದೆ. 'ವಾಹನ ನಿಲುಗಡೆ' ಎಂಬ ಬೋರ್ಡು ಮಾತ್ರ ಸಂಜೆಯಾದರೂ ಪೇಂಟರನ ಮನೆಯಿಂದ ಬರಲಿಲ್ಲ. ಸಂತೆ ಇನ್ನು ಬಯಲಿನಲ್ಲೆಂದು ಮೈಕು ಕಟ್ಟಿದ ಆಟೋ ಊರೆಲ್ಲ ಸಾರಿತು. ಹತ್ತಿಮತ್ತೂರಿಗೆ ಸಾರಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಇಲ್ಲಿ ನಮ್ಮ ಮಂದಿಯ ಒಂದು ಸ್ವಭಾವ ಹೇಳಬೇಕು. ನಮ್ಮಲ್ಲಿ ಬಸ್ಸಿನ ಕಿಟಕಿಯಿಂದ ಟವೆಲ್ಲು ಒಗೆದರೆ ಸೀಟು ನಮ್ಮದು. ಮದುವೆಯ ಪಂಕ್ತಿಯಲ್ಲಿ ಚೀಲ ಇಟ್ಟರೆ ಜಾಗ ನಮ್ಮದು. ಹೊಲದ ಬದುವಿನ ವಿಷಯವಂತೂ ಮಾತಾಡಬಾರದು. ಒಂದು ಸಾಲಿನಷ್ಟು ಬದು ಕಡಿದದ್ದಕ್ಕೆ ಒಬ್ಬರ ಮನೆಯ ಮದುವೆಗೆ ಇನ್ನೊಬ್ಬರು ಹೋಗದ ಅಣ್ಣತಮ್ಮಂದಿರು ಊರೂರಿಗೂ ಇದ್ದಾರೆ. ಇಂಥ ಮಂದಿಯ ಮುಂದೆ ಸರಕಾರಿ ರಸ್ತೆಯ ಮೇಲೆ ಚೌಕ ಬರೆದು, ಮೇಲೆ ನಂಬರನ್ನೂ ಹಾಕಿದರೆ ಏನಾಗುತ್ತದೆಂದು ಯೋಚಿಸಬೇಕಿತ್ತು. ನಾವು ಯೋಚಿಸಲಿಲ್ಲ.

ಮರುದಿನ ಕಾಕಾ ಹೊಸ ಪಟಗ ಸುತ್ತಿ, ಕಾರಿಗೆ ಚೆಂಡುಹೂವಿನ ಮಾಲೆ ಹಾಕಿ, ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊರಟರು. ಒಂದನೆಯ ಚೌಕಕ್ಕೆ ಮೊದಲ ಗಾಡಿ ಅಧ್ಯಕ್ಷರದೇ ಹೋಗಬೇಕೆಂಬುದು ಅವರ ಆಸೆ. ಪೇಟೆಗೆ ಬಂದು ನೋಡಿದರೆ ಚೌಕಕ್ಕೊಬ್ಬರಂತೆ ಸಂತೆಯ ಹೆಂಗಸರೆಲ್ಲ ಗೆರೆಯೊಳಗೆ ನೀಟಾಗಿ ಕುಳಿತಿದ್ದರು. ಪ್ರತಿ ಚೌಕದ ಮೂಲೆಗೂ ಅರಿಷಿಣ ಕುಂಕುಮ ಹಚ್ಚಿತ್ತು. ಒಂದು ಚೌಕದಲ್ಲಿ ವಾರಗಿತ್ತಿಯರಿಬ್ಬರು ಇದ್ದಿಲಿನಿಂದ ನಡುಗೆರೆ ಎಳೆದು ಆಗಲೇ ಪಾಲು ಮಾಡಿಕೊಂಡಿದ್ದರು. ಒಂದನೆಯ ಚೌಕದಲ್ಲಿ ಗೌರವ್ವ ಕುಳಿತಿದ್ದಳು.

ಕಾಕಾ ಕಾರಿನ ಮೂತಿಯನ್ನು ಆ ಚೌಕದ ಕಡೆ ತಿರುಗಿಸಿ, ರಸ್ತೆಯಲ್ಲೇ ಬಿಟ್ಟು, ಸಿಟ್ಟಿನಿಂದ ಇಳಿದರು. ಬಾಯಿ ತೆರೆಯುವ ಮೊದಲೇ ಗೌರವ್ವ ಅವರ ಕೈಗೆ ತೆಂಗಿನಕಾಯಿ ಕೊಟ್ಟಳು.

"ನೀವ ಒಡೀಬೇಕ್ರಿ ಸಾವ್ಕಾರ್ರ. ಮುಂಜಾನಿಂದ ಯಾರೂ ಬೋಣಿಗಿ ಮಾಡಿಲ್ಲ, ಒಂದ ಕಟ್ಟ ಪಲ್ಯಾನೂ ಮಾರಿಲ್ಲ, ನಿಮ್ಮ ಹಾದಿ ಕಾಯಾಕತ್ತೇವಿ. ನಮ್ಮವ್ವನ ಕಾಲದಿಂದ ಕುಂತೇವ್ರಿ, ಇದು ನಿನ್ನ ಜಾಗಾ ಅಂತ ಯಾರೂ ಗೆರಿ ಹಾಕಿ ಕೊಟ್ಟಿರಲಿಲ್ಲ."

ಅವಳ ಕಣ್ಣಲ್ಲಿ ನೀರಿತ್ತು. ಅಷ್ಟರಲ್ಲಿ ಯಾರೋ ಕಾಕಾನ ಕೊರಳಿಗೂ ಒಂದು ಮಾಲೆ ಹಾಕಿದರು. ಕಾಕಾ ಒಮ್ಮೆ ಕಾಯಿ ನೋಡಿದರು, ಒಮ್ಮೆ ಕಾರು ನೋಡಿದರು, ಒಮ್ಮೆ ನನ್ನ ಮುಖ ನೋಡಿದರು. ನಾನು ಆಕಾಶ ನೋಡಿದೆ. ಕೈಗೆ ಬಂದ ಕಾಯಿಯನ್ನು ಒಡೆಯದೆ ತಿರುಗಿ ಕೊಟ್ಟ ಮನುಷ್ಯ ನಮ್ಮ ಮನೆತನದಲ್ಲಿ ಹುಟ್ಟಿಲ್ಲ. ಕಾಕಾ ಮೆಟ್ಟಿಲ ಕಲ್ಲಿಗೆ ಹೊಡೆದರು, ಕಾಯಿ ಸರಿಯಾಗಿ ಎರಡು ಹೋಳಾಯಿತು. "ಚೊಲೋ ಒಡೀತ್ರಿ, ಜಾಗಾ ಕೈ ಹತ್ತತು," ಎಂದರು ಎಲ್ಲರೂ.

ಆಗಲೇ ಎದುರಿನಿಂದ ಹತ್ತಿಮತ್ತೂರಿನ ಬಸ್ಸು ಬಂದದ್ದು. ಡ್ರೈವರನ ಪಕ್ಕದಲ್ಲಿ ಡಿಪೋದ ಸಾಹೇಬರು ಕುಳಿತಿದ್ದರು. ಹೇಳಿದರೆ ನಂಬುವುದಿಲ್ಲ ನೀವು, ರಸ್ತೆ ಆ ತುದಿಯಿಂದ ಈ ತುದಿಯವರೆಗೆ ಖಾಲಿ ಇತ್ತು. ಗೆರೆ ದಾಟಿ ಒಂದು ಮೆಣಸಿನಕಾಯಿ ಉರುಳಿದರೂ "ನಿನ್ನ ಮಾಲು ನಿನ್ನ ಜಾಗದಾಗ ಇಟಗೋ" ಎಂದು ಪಕ್ಕದವಳೇ ಗದರಿಸುತ್ತಿದ್ದಳು. ಇಡೀ ಪೇಟೆಯಲ್ಲಿ ಬಸ್ಸಿಗೆ ಅಡ್ಡ ನಿಂತದ್ದು ಒಂದೇ ಒಂದು ವಸ್ತು. ಅದರ ಮೇಲೆ ಚೆಂಡುಹೂವಿನ ಮಾಲೆ ಇತ್ತು.

ಸಾಹೇಬರು ಕಿಟಕಿಯಿಂದ ತಲೆ ಹೊರಗೆ ಹಾಕಿ, "ಈ ಕಾರ್ ಯಾರದ್ರಿ?" ಎಂದರು.

ಸಂತೆಯೆಲ್ಲ ಕಾಕಾನ ಕಡೆ ನೋಡಿತು.

"ತಮ್ಮಾ, ಗಾಡಿ ಹಿಂದ ತುಗೋ," ಎಂದರು ಕಾಕಾ ನನಗೆ. ನನಗೆ ಕಾರು ನಡೆಸಲು ಬರುತ್ತಿರಲಿಲ್ಲ. ಕಾಕಾನಿಗೆ ಬರುತ್ತಿತ್ತು, ಆದರೆ ಮುಂದಕ್ಕೆ ಮಾತ್ರ. ರಿವರ್ಸ್ ಕಲಿಸಲು ಬಂದವನಿಗೆ, "ಹಿಂದ ಸರಿಯೂದು ನನ್ನ ಸ್ವಭಾವದಾಗ ಇಲ್ಲ" ಎಂದು ಹೇಳಿ ಕಳಿಸಿದ್ದರು. ಹಿಂದೆ ಹೋಗಲು ಬರದು, ಮುಂದೆ ಗೌರವ್ವನ ಬುಟ್ಟಿಗಳು, ಪಕ್ಕದಲ್ಲಿ ಬಸ್ಸು. ಸಾಹೇಬರು ಕೈಗಡಿಯಾರ ನೋಡಿಕೊಂಡರು. ಡ್ರೈವರ್ ರೂಢಿಯ ಪ್ರಕಾರ ಎಂಜಿನ್ ಬಂದ್ ಮಾಡಿ ಮಿರ್ಚಿ ಅಂಗಡಿಯ ಕಡೆ ಕಣ್ಣು ಹಾಯಿಸಿದ. ಗೌರವ್ವನ ಮುಖ ಬಾಡಿತು. ಬಸ್ಸು ಹೋದರೆ ತನ್ನ ಸಂತೆಯೂ ಹೋಯಿತೆಂದು ಅವಳೇ ಹೇಳಿದ್ದಳಲ್ಲ. ಅದಕ್ಕೆ ನಮ್ಮ ಮನೆಯ ಕಾರೇ ಕಾರಣವಾಗುತ್ತದಲ್ಲ ಎಂದು ನನಗೆ ನಿಜವಾಗಿಯೂ ಸಂಕಟವಾಯಿತು.

ಗೌರವ್ವ ಮೊಣಕಾಲಿಗೆ ಕೈ ಊರಿ ಎದ್ದಳು. ಕಾಯಿ ಒಡೆಸಿದ ತನ್ನ ಚೌಕದಿಂದ ಒಂದೊಂದೇ ಬುಟ್ಟಿಯನ್ನು ಅಂಗಡಿಯ ಮೆಟ್ಟಿಲ ಮೇಲೆ ಎತ್ತಿಟ್ಟಳು. ಹಾಸಿಕೊಂಡಿದ್ದ ಗೋಣಿತಾಟು ಮಡಚಿ ಕಂಕುಳಲ್ಲಿ ಇಟ್ಟುಕೊಂಡಳು.

"ಗಾಡಿ ಒಳಗ ಹಚ್ಚರಿ ಸಾವ್ಕಾರ್ರ. ಬಸ್ ಹೋಗೂತನಕ ಅಷ್ಟ ಮತ್ತ. ಜಾಗಾ ನಂದು."

ಕಾಕಾ ತಲೆ ತಗ್ಗಿಸಿ ಕಾರು ಹತ್ತಿದರು, ಮುಂದಕ್ಕೇ ನಡೆಸಿ ಚೌಕದೊಳಗೆ ನಿಲ್ಲಿಸಿದರು. ನಾವು ಎಳೆದ ಅಷ್ಟೂ ಚೌಕಗಳಲ್ಲಿ ನಿಂತ ಕಾರು ಅದೊಂದೇ. ಬಸ್ಸು ಹಾರ್ನ್ ಕೂಡ ಹೊಡೆಯದೆ ಮುಂದೆ ಹೋಯಿತು. ಹೋಗುವಾಗ ಸಾಹೇಬರು ಕಾಕಾನಿಗೆ ಕೈ ಮುಗಿದರು.

"ಮುಂದಿನ ಸಂತಿಗೂ ಬಸ್ ಬರ್ತೈತ್ರಿ. ಆ ಕಾರ್ ಮಾತ್ರ ಬರೂದ ಬ್ಯಾಡ."

ಆಮೇಲೆ ಹುಡುಗರು, ಹಮಾಲರು ಸೇರಿ ಕಾರನ್ನು ಹಿಂದಕ್ಕೆ ನೂಕಿ ಕೆರೆಯ ಹಿಂದಿನ ಬಯಲಿಗೆ ಮುಟ್ಟಿಸಿದರು. ಪೇಟೆಯಲ್ಲಿ ಜಾಗ ಸಿಗದ ಬೇರೆ ಗಾಡಿಗಳೂ ಅದರ ಬೆನ್ನು ಹತ್ತಿದವು. ಸಂತೆಗೆಂದು ಇಟ್ಟ ಬಯಲಿನಲ್ಲಿ ಗಾಡಿ, ಗಾಡಿಗೆಂದು ಎಳೆದ ಗೆರೆಯಲ್ಲಿ ಸಂತೆ. ವಾರ ಕಳೆಯುವುದರೊಳಗೆ ಕಾಕಾ, "ನನ್ನ ಪ್ಲ್ಯಾನ್ ಇದ್ದದ್ದ ಹಂಗ" ಎನ್ನಲು ಶುರುಮಾಡಿದರು. ಕಾಕು ಮಾತ್ರ ಬಂದವರ ಮುಂದೆಲ್ಲ, "ನಿಮ್ಮ ಕಾಕಾ ತಮ್ಮ ಕಾರಿನ ಜಾಗಕ್ಕ ತಾವ ಕಾಯಿ ಒಡದು ದಾನಾ ಕೊಟ್ಟ ಬಂದ್ರು" ಎಂದು ಹೇಳಿ ಚಹಾ ಕೊಡುತ್ತಿದ್ದಳು.

ಹೋದ ತಿಂಗಳು ಸಂತೆಯ ದಿನವೇ ಸವಣೂರಿಗೆ ಹೋಗಿದ್ದೆ. ರಸ್ತೆಗೆ ಹೊಸ ಡಾಂಬರು ಬಿದ್ದು ನಮ್ಮ ಗೆರೆಗಳೆಲ್ಲ ಮುಚ್ಚಿಹೋಗಿದ್ದವು. ಆದರೂ ಚೌಕಗಳಿದ್ದವು. ಹೆಂಗಸರು ರಂಗೋಲಿ ಪುಡಿಯಲ್ಲಿ ತಾವೇ ಎಳೆದುಕೊಂಡಿದ್ದರು. ನಾನು ಸೊಟ್ಟಗೆ ಎಳೆದ ಕಡೆ ಅವರೂ ಸೊಟ್ಟಗೇ ಎಳೆದಿದ್ದರು. ಕೇಳಿದರೆ, "ಮೊದಲಿಂದ ಹಂಗ ಐತ್ರಿ, ಬದು ಸರಿಸಬಾರದು" ಎಂದರು.

ಕಾಕಾ ಈಗ ಕಾರು ನಡೆಸುವುದಿಲ್ಲ. ಅವರ ಮೊಣಕಾಲಲ್ಲೂ ಎಣ್ಣೆ ಮುಗಿದಿದೆ. ಅಂಗಡಿಯ ಮೂರು ಮೆಟ್ಟಿಲು ಹತ್ತಲಾಗುವುದಿಲ್ಲ, ಮಗನೇ ವ್ಯಾಪಾರ ನೋಡುತ್ತಾನೆ. ಮನೆಯಲ್ಲೇ ಇರುತ್ತಾರೆಂದುಕೊಂಡಿದ್ದೆ. ನೋಡಿದರೆ ಒಂದನೆಯ ಚೌಕದೊಳಗೆ, ಗೌರವ್ವನ ಬುಟ್ಟಿಗಳ ಪಕ್ಕದಲ್ಲಿ, ರಂಗೋಲಿಯಲ್ಲೇ ಇನ್ನೊಂದು ಸಣ್ಣ ಚೌಕ ಬರೆದಿತ್ತು. ಅದರೊಳಗೆ ಒಂದು ಕುರ್ಚಿ ಹಾಕಿತ್ತು. ಕುರ್ಚಿಯಲ್ಲಿ ಪಟಗ ಸುತ್ತಿಕೊಂಡು ಕಾಕಾ ಕುಳಿತಿದ್ದರು. ಬಸ್ಸು ಹೋಗುವಾಗ ಡ್ರೈವರ್ ಕೈ ಎತ್ತಿದ, ಕಾಕಾ ತಮ್ಮ ಇಲಾಖೆಯ ನೌಕರನಿಗೆ ಮಾಡುವ ಹಾಗೆ ತಲೆಯಾಡಿಸಿದರು.

"ಇದೇನ ಗೌರವ್ವಾ?" ಎಂದೆ.

"ಅವತ್ತ ಅವರ ಗಾಡಿ ನಿಂದರಿಸಾಕ ಬಂದಿದ್ರಲ್ರಿ," ಎಂದಳು ಗೌರವ್ವ, ಮೆಂತ್ಯೆಗೆ ನೀರು ಚಿಮುಕಿಸುತ್ತ. "ಮನ್ಯಾಗ ಕುಂತ ಕುಂತ ಬ್ಯಾಸರಾಗೇತಿ ಅಂದ್ರು. ಗಾಡಿಗೆ ಜಾಗಾ ಇಲ್ಲಂದೆ, ನಿಮಗ ಐತಿ ಬರ್ರಿ ಅಂದೆ."

ಕಾಕಾ ಕೆಮ್ಮಿದರು. "ಕಾಲ ಒಳಗ ಇಟಗೋರಿ ಸಾವ್ಕಾರ್ರ, ಗೆರಿ ದಾಟೇತಿ," ಎಂದಳು ಆಕೆ. ಕಾಕಾ ಕಾಲು ಒಳಗೆ ಎಳೆದುಕೊಂಡರು, ಅಷ್ಟು ಶಿಸ್ತಿನಿಂದ ಕುಳಿತ ಕಾಕಾನನ್ನು ನಾನು ನೋಡಿರಲಿಲ್ಲ.

ಹುಬ್ಬಳ್ಳಿಯ ಕಾವಲಿನವನು ಇನ್ನೂ ಸೀಟಿ ಊದುತ್ತಲೇ ಇದ್ದ. ಮುದುಕಿ ಒಂದು ಕೈ ಮೊಣಕಾಲಿಗೆ ಊರಿ, ಇನ್ನೊಂದು ಕೈಯಿಂದ ಬುಟ್ಟಿ ಎತ್ತಲು ನೋಡುತ್ತಿದ್ದಳು. ನಾನು ರಿವರ್ಸ್ ಹಾಕಿದೆ. ನನಗೆ ಅದೊಂದು ಬರುತ್ತದೆ. ಎರಡು ಓಣಿಯಾಚೆ ಒಂದು ಖಾಲಿ ಬಯಲು ಹುಡುಕಿ ಕಾರು ಬಿಟ್ಟು, ಬಿಸಿಲಲ್ಲಿ ನಡೆದು ತಿರುಗಿ ಬಂದು, ಗೆರೆಯ ಹೊರಗೆ ನಿಂತುಕೊಂಡು ಕೇಳಿದೆ.

"ಬೋಣಿಗಿ ಆತೇನಬೇ ಯವ್ವಾ?"