ತಾರೀಖಿನ ದಿನದ ಚಹಾ

ಖಾನಾಪುರದಿಂದ ಬರುವ ಬಸ್ಸು ದಾರಿಯಲ್ಲೇ ಕೆಟ್ಟು ನಿಲ್ಲಬಹುದಿತ್ತು. ಬಸ್ಸು ಸರಿಯಾಗಿ ಬಂದರೂ ಹುಡುಗ ಅದರಲ್ಲಿ ಇಲ್ಲದಿರಬಹುದಿತ್ತು. ಇದ್ದರೂ ಆ ಮೂವರು ನಿಲ್ದಾಣದಲ್ಲೇ ಅವನನ್ನು ಹಿಡಿಯಬಹುದಿತ್ತು, ಈ ಸಲ ಹೆಲ್ಮೆಟ್ ಬಿಟ್ಟು ಕುಡಗೋಲು ತಂದಿರಬಹುದಿತ್ತು. ನ್ಯಾಯಾಧೀಶರಿಗೆ ಜ್ವರ ಬಂದಿರಬಹುದಿತ್ತು, ಇಲ್ಲವೆ ಅವರಿಗೆ ವರ್ಗವಾಗಿರಬಹುದಿತ್ತು. ವಕೀಲರೆಲ್ಲ ಯಾವುದೋ ಕಾರಣಕ್ಕೆ ಕೋರ್ಟು ಬಿಟ್ಟು ಗೇಟಿನ ಮುಂದೆ ನಿಂತಿರಬಹುದಿತ್ತು. ಪೊಲೀಸರ ಜಪ್ತಿಗೆ ಸಾಕ್ಷಿಯೆಂದು ಸಹಿ ಹಾಕಿ ಇಷ್ಟು ವರ್ಷ ಮುಖ ತೋರಿಸದ ಪಂಚ ಇವತ್ತೇ ಗೋವಾದಿಂದ ಬಂದಿಳಿದು, "ಹೌದ್ರೀ, ನನ್ನ ಕಣ್ಣ ಮುಂದ ಹಿಡದ್ರು" ಎಂದು ಸಾಕ್ಷಿ ನುಡಿಯಬಹುದಿತ್ತು. ನನಗೆ ಎದೆ ಹಿಡಿದು, ಜಾಮೀನುದಾರನೇ ಕೋರ್ಟಿನಲ್ಲಿ ಸತ್ತನೆಂದು ಇನ್ನೊಂದು ತಾರೀಖು ಬೀಳಬಹುದಿತ್ತು.

ಸದಾಶಿವನಗರದ ನಮ್ಮ ಮನೆಯ ಬಚ್ಚಲ ಮೋರಿಯಲ್ಲಿ ಹಲ್ಲುಜ್ಜುತ್ತ ಇದನ್ನೆಲ್ಲ ಹೆಂಡತಿಗೆ ಹೇಳಿದೆ.

"ಭೂಕಂಪ ಬಿಟ್ಟೀರಿ ನೋಡ್ರಿ," ಎಂದಳು.

ಅದನ್ನೂ ಸೇರಿಸಿಕೊಂಡು ಮನೆ ಬಿಟ್ಟೆ.

ಹುಡುಗ ಎನ್ನುತ್ತೇನೆ, ಅವನಿಗೆ ಮೀಸೆ ಬಂದು ಬಹಳ ವರ್ಷವಾಯಿತು. ಹಲಸಿಯ ಹತ್ತಿರ ನಮ್ಮ ಹಿರಿಯರ ಗದ್ದೆಯಿದೆ. ಭತ್ತ ಕೊಯ್ದ ಮೇಲೆ ಗೊಬ್ಬರಕ್ಕೆಂದು ಹುಡುಗನ ಮನೆಯ ಎಮ್ಮೆಗಳನ್ನು ಅಲ್ಲಿ ಕಟ್ಟುವುದು ಅವನ ಅಜ್ಜನ ಕಾಲದಿಂದಲೂ ನಡೆದಿದೆ. ಇವನು ಎಮ್ಮೆ ಬಿಟ್ಟ. ಪೀರನವಾಡಿಯಲ್ಲಿ ಕೋಣೆ ಹಿಡಿದು, ಸಾಮಾನು ಸಾಗಿಸುವ ರಿಕ್ಷಾ ಓಡಿಸತೊಡಗಿದ. ಒಂದು ಸಂಜೆ ಪೊಲೀಸರು ರಿಕ್ಷಾ ತಡೆದಾಗ ಸೀಟಿನ ಕೆಳಗೆ ಗಾಂಜಾ ಪೊಟ್ಟಣ ಸಿಕ್ಕಿತು. ನಮ್ಮ ಮನೆಯಲ್ಲಿ ಒಗ್ಗರಣೆಗೆ ತರುವ ಕರಿಬೇವಿನಷ್ಟು.

"ಸೇದತಿದ್ನಿ ಕಾಕಾ, ಸುಳ್ಳ ಯಾಕ ಹೇಳಲಿ," ಎಂದಿದ್ದ ನನಗೆ. "ಆದ್ರ ಮಾರತಿದ್ದಿಲ್ಲ."

ಅದನ್ನು ಹೇಳುವಾಗ ಅವನು ಗೋಡೆ ಹಿಡಿದು ನಿಂತಿದ್ದ. ಠಾಣೆಯಲ್ಲಿ ಅಂಗಾಲಿಗೆ ಹೊಡೆದಿದ್ದರು. ಯಾರು ಕೊಟ್ಟರು ಹೇಳು ಎಂದು ಹೊಡೆದರು. ಇವನು ಹೇಳಲಿಲ್ಲ. ಹೊರಗೆ ಬಂದ ಮೇಲೆ, ಗಾಂಜಾ ಕೊಟ್ಟಿದ್ದ ಆ ಮೂವರು, ಹೇಳಬೇಡ ಎಂದು ಹೊಡೆದರು. ಹೇಳು ಎನ್ನುವವರಿಗೂ ಹೇಳಬೇಡ ಎನ್ನುವವರಿಗೂ ಸಿಕ್ಕಿದ್ದು ಅದೇ ಒಂದು ಮೈ.

ಜಾಮೀನು ಕೇಳಲು ಅವನ ತಾಯಿ ನನ್ನ ಪಾತ್ರೆ ಭಾಂಡೆ ಅಂಗಡಿಗೆ ಬಂದಿದ್ದಳು. ಕೋರ್ಟಿಗೆ ಹೊಲದ ಪಹಣಿ ಉತಾರ ತೋರಿಸಿ, ಇವನು ಪ್ರತಿ ತಾರೀಖಿಗೆ ಬರುತ್ತಾನೆಂದು ಹೊಣೆಯಾಗಿ ನಿಲ್ಲಬೇಕಿತ್ತು.

"ಅಕ್ಕಾ, ಅವ ಓಡಿ ಹೋದ್ರ?" ಎಂದೆ. ಚಿಂತೆ ಮಾಡುವವನಿಗೆ ಮೊದಲು ಹೊಳೆಯುವುದೇ ಅದು.

"ಅಣ್ಣಾರ, ಓಡಾಕ ಕಾಲ ಎಲ್ಲಿ ಬಿಟ್ಟಾರ್ರೀ?" ಎಂದಳು.

ನಿಂತೆ.

ಬೆಳಗಾವಿಯಲ್ಲಿ ಕೋರ್ಟಿಗೆ ಬಂದವರು ಚಹಾ ಕುಡಿಯದೆ ಮನೆಗೆ ಹೋಗುವುದಿಲ್ಲ. ಗೆದ್ದವನು ಕುಡಿಸುತ್ತಾನೆ, ಸೋತವನು ಕುಡಿಯುತ್ತಾನೆ. ತಾರೀಖು ಮುಂದೆ ಹೋದರೆ ಇಬ್ಬರೂ ಬೇರೆ ಬೇರೆ ಗಾಡಿಯ ಮುಂದೆ ನಿಂತು ಕುಡಿಯುತ್ತಾರೆ. ಆ ಮೂವರು ಈ ಪದ್ಧತಿಯನ್ನೇ ಹಿಡಿದುಕೊಂಡರು. ಮೊದಲ ತಾರೀಖಿನಂದು ನಾವು ಹೊರಗೆ ಬರುತ್ತಿದ್ದಂತೆ ಹಿಂದಿನಿಂದ ಹುಡುಗನ ಹೆಗಲ ಮೇಲೆ ಒಂದು ಕೈ ಬಿತ್ತು. "ಚಲ್ ರೇ, ಚಹಾ ಘೇಊಯಾ." ಚಹಾ ಕುಡಿಯೋಣ ಬಾರೋ ಎಂದು, ಮರಾಠಿಯಲ್ಲಿ, ಎಷ್ಟು ಅಕ್ಕರೆಯಿಂದ ಎಂದರೆ ನಾನೂ ಹಿಂದೆ ಹೆಜ್ಜೆ ಹಾಕಿದೆ. ನನಗೂ ಒಂದು ಕಪ್ ಸಿಕ್ಕೀತು ಎಂಬ ಆಸೆ.

ಚಹಾ ಗಾಡಿ ದಾಟಿ, ಬೈಕು ನಿಲ್ಲಿಸುವ ಸಂದಿಗೆ ಕರೆದೊಯ್ದರು. ಒಬ್ಬ ಹೆಲ್ಮೆಟ್ಟಿನಿಂದ ಬಾಯಿಗೆ ಬಾರಿಸಿದ. ಹುಡುಗ ಕುಸಿದ. ಇನ್ನೊಬ್ಬ ಅವನ ಕೂದಲು ಹಿಡಿದು ಹಣೆಯನ್ನು ಗೋಡೆಗೆ ಉಜ್ಜಿದ. ಸುಣ್ಣದ ಮೇಲೆ ಕೆಂಪು ಗೀರು ಎದ್ದಿತು. ಮೂರನೆಯವನು ಅವನ ಎಡಗೈಯನ್ನು ನೆಲಕ್ಕೆ ಒತ್ತಿ ಹಿಡಿದು, ಬೆರಳುಗಳ ಮೇಲೆ ಬೈಕಿನ ಸ್ಟ್ಯಾಂಡ್ ಇಳಿಸಿದ. ಶೇಂಗಾ ಒಡೆದಂಥ ಸಣ್ಣ ಸದ್ದು. ಆಮೇಲೆ ಹುಡುಗನ ಕೂಗು.

ನಾವು ಜೈನರು. ದೀಪಕ್ಕೆ ಬರುವ ಹುಳು ಸಾಯಬಾರದೆಂದು ಹೊತ್ತು ಮುಳುಗಿದ ಮೇಲೆ ಊಟ ಮಾಡದ ಮನೆ ನಮ್ಮದು. ಅಂಥ ನಾನು ಆ ದಿನ ಕೊಡೆ ಎತ್ತಿದೆ. ಎತ್ತಿದ್ದು ಖರೆ. ಹೆಬ್ಬೆರಳು ಜಾರಿ ಗುಂಡಿ ಒತ್ತಿಹೋಗಿ ಕೊಡೆ ಬಿಚ್ಚಿಕೊಂಡಿತು. ಮೂವರೂ ತಿರುಗಿ ನೋಡಿದರು. ಬಿಸಿಲಿನಲ್ಲಿ ಕೊಡೆ ಹಿಡಿದು ನಿಂತ ನನ್ನನ್ನು ನೋಡಿ ಒಬ್ಬ ನಕ್ಕ. "ಕಾಕಾ, ನೆರಳಾಗ ನಿಂದರ್ರಿ," ಎಂದು ಬೈಕು ಹತ್ತಿದ.

"ಕಂಪ್ಲೇಂಟ್ ಕೊಡೂಣು ನಡಿ," ಎಂದೆ, ಆಸ್ಪತ್ರೆಯಲ್ಲಿ ಅವನ ಬೆರಳಿಗೆ ಪಟ್ಟಿ ಕಟ್ಟಿಸಿದ ಮೇಲೆ.

"ಬ್ಯಾಡ ಕಾಕಾ. ಅದೊಂದು ಹೊಸಾ ಕೇಸ್ ಆಗತೈತಿ. ಅದರ ತಾರೀಖ ಬ್ಯಾರೆ. ಈಗ ಒಂದ್ ದಿನಾ ಬಡಿಸ್ಕೊಳ್ಳಾವ ಎಲ್ಡ ದಿನಾ ಬಡಿಸ್ಕೊಬೇಕು."

ಆ ಲೆಕ್ಕದಲ್ಲಿ ತಪ್ಪು ಹುಡುಕಲು ನನ್ನಿಂದ ಇವತ್ತಿಗೂ ಆಗಿಲ್ಲ.

ಆಮೇಲೆ ತಾರೀಖುಗಳು ಬರುತ್ತಲೇ ಹೋದವು. ಪೊಟ್ಟಣದಲ್ಲಿದ್ದದ್ದು ಗಾಂಜಾವೇ ಎಂಬ ಪ್ರಯೋಗಾಲಯದ ವರದಿ ಬಾರದ ದಿನ ಅವನ ಪಕ್ಕೆಲುಬು ಬಿರಿಯಿತು. ಪೊಟ್ಟಣ ಹಿಡಿದ ಅಧಿಕಾರಿ ವರ್ಗವಾಗಿ ಹೋದರೆಂದು ತಾರೀಖು ಮುಂದೆ ಹೋದಾಗ ಹುಬ್ಬು ಹರಿಯಿತು. ಪಂಚ ಬರಲಿಲ್ಲ, ಮೊಣಕಾಲು. ಮತ್ತೆ ಪಂಚ ಬರಲಿಲ್ಲ, ಅದೇ ಮೊಣಕಾಲು. ಅವನು ಪೀರನವಾಡಿಯ ಕೋಣೆ ಬಿಟ್ಟು ತಾಯಿಯ ಊರಿಗೆ ಹೋಗಿದ್ದ, ಬೇರೆ ದಿನಗಳಲ್ಲಿ ಎಲ್ಲಿರುತ್ತಾನೆಂದು ಆ ಮೂವರು ಹುಡುಕಬೇಕಿತ್ತು. ತಾರೀಖಿನ ದಿನ ಹುಡುಕುವ ತ್ರಾಸವೇ ಇರಲಿಲ್ಲ. ಎಲ್ಲಿ ನಿಂತಿರಬೇಕೆಂದು ಕೋರ್ಟೇ ಅವನಿಗೆ ಹೇಳಿತ್ತು. ಬಾಗಿಲಿನ ಜವಾನ ಮೂರು ಸಲ ಹೆಸರು ಕೂಗಿ ಬಂದಿದ್ದಾನೆಂದು ಸಾರುತ್ತಿದ್ದ.

ಹೆದರಿ ಒಂದು ತಾರೀಖು ತಪ್ಪಿಸಿಕೊಂಡ. ವಾರಂಟು ಹೊರಟು ಜೈಲಿಗೆ ಹೋದ. ಅಲ್ಲಿ ಆ ಮೂವರ ಪರಿಚಯದವನೊಬ್ಬನಿದ್ದ. ಹೊರಗೆ ಬಂದಾಗ ಹುಡುಗನ ಒಂದು ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. ನನಗೂ ಕೋರ್ಟಿನಿಂದ ನೋಟಿಸು ಬಂತು. ನಿನ್ನ ಆಸಾಮಿ ಎಲ್ಲಿ ಎಂದು ಕೇಳುವ ಆ ಕಾಗದ ಬಂದ ವಾರ ನಾನು ಭಾಂಡೆ ಬಿದ್ದ ಸದ್ದಿಗೂ ಬೆಚ್ಚುತ್ತಿದ್ದೆ. ಭಾಂಡೆ ಅಂಗಡಿಯವನಿಗೆ ಇದು ಒಳ್ಳೆಯ ರೋಗವಲ್ಲ.

ಒಮ್ಮೆ ಆ ಮೂವರು ಖಾನಾಪುರದ ಬಸ್ ನಿಲ್ದಾಣಕ್ಕೇ ಹೋಗಿದ್ದರು. ಅವತ್ತು ತಾಯಿ ಜೊತೆಗಿದ್ದಳು, ಕೈಯಲ್ಲಿ ಹಾಲಿನ ಕ್ಯಾನ್. ಮಗನ ಹೆಗಲಿಗೆ ಕೈ ಬಿದ್ದದ್ದೇ ತಡ, ಅದನ್ನೇ ಬೀಸಿ ಒಬ್ಬನ ದವಡೆಗೆ ಹೊಡೆದಳು. ಅವನು ಕುಸಿದು ಕುಂತು ರಕ್ತ ಉಗುಳಿದ. ಅವನ ಗೆಳೆಯ ಆಕೆಯ ಹೊಟ್ಟೆಗೆ ಒದ್ದ. ನಾನು ನೋಡಲು ಹೋದಾಗ ಆಕೆ ಕಟ್ಟಿಗೆ ಒಡೆಯುತ್ತಿದ್ದಳು. ಕ್ಯಾನು ತಗ್ಗು ಬಿದ್ದು ಪಕ್ಕದಲ್ಲಿತ್ತು.

"ಅಣ್ಣಾರ, ನಿಮ್ಮ ಅಂಗಡ್ಯಾಗ ಇದಕ್ಕಿಂತ ದಪ್ಪಂದು ಐತೇನ್ರೀ?" ಎಂದು ಕೇಳಿದಳು. ತಮಾಷೆಯೆಂದು ನಕ್ಕೆ. ಆಕೆ ಕೊಡಲಿ ಎತ್ತಿದಳು, ಮೋಟು ಎರಡಾಯಿತು. "ಇನ್ನೊಂದ್ ತಾರೀಖ ಬಿದ್ರ ನಾನೇ ಒಬ್ಬನ್ನ ಕಡೀತನಿ. ಕೊಲಿ ಕೇಸರೆ ಲಗೂ ಮುಗೀತೈತೋ ಏನೋ ನೋಡೂಣು."

ನನ್ನ ಚಿಂತೆಯ ಪಟ್ಟಿಗೆ ಕೊಡಲಿ ಸೇರಿದ್ದು ಅವತ್ತು. ಹುಡುಗನಂತೂ ತಪ್ಪು ಒಪ್ಪಿಕೊಂಡುಬಿಡುತ್ತೇನೆ ಎನ್ನತೊಡಗಿದ್ದ. ಒಪ್ಪಿಕೊಂಡರೆ ರಿಕ್ಷಾ ಹೋಗುತ್ತದೆ, ಇನ್ಯಾವ ಮಾಲೀಕನೂ ಕೀಲಿಕೈ ಕೊಡುವುದಿಲ್ಲ ಎಂದು ತಾಯಿ ತಡೆದಿದ್ದಳು. ಹೀಗೆ, ನಾನು ಭೂಕಂಪವನ್ನೂ ಸೇರಿಸಿಕೊಂಡು ಮನೆ ಬಿಟ್ಟ ಆ ತಾರೀಖು ಬಂತು. ಇವತ್ತು ಮುಗಿಯದಿದ್ದರೆ ಯಾರಾದರೂ ಒಬ್ಬರು ಸಾಯುತ್ತಾರೆ ಎಂಬುದರಲ್ಲಿ ನನಗೆ ಸಂಶಯವಿರಲಿಲ್ಲ. ಯಾರು ಎಂಬುದಷ್ಟೇ ಗೊತ್ತಿರಲಿಲ್ಲ.

ಬಸ್ಸು ಕೆಡಲಿಲ್ಲ. ಹುಡುಗ ಇಳಿದ. ತಾಯಿಯ ಎಮ್ಮೆ ಆ ದಿನವೇ ಈಯುವುದರಲ್ಲಿತ್ತು, ಆಕೆ ಬರಲಿಲ್ಲ. ಆ ಎಮ್ಮೆಗೆ ನಾನು ಮನಸ್ಸಿನಲ್ಲೇ ಕೈ ಮುಗಿದೆ. ಆ ಮೂವರು ಮಾತ್ರ ಗೇಟಿನ ಎದುರು ಚಹಾ ಗಾಡಿಯ ಹತ್ತಿರ ಆಗಲೇ ಕುಳಿತಿದ್ದರು. ಒಬ್ಬ ಹೆಲ್ಮೆಟ್ ಎತ್ತಿ ನನಗೆ ನಮಸ್ಕಾರ ಮಾಡಿದ.

ಪಂಚ ಬಂದಿರಲಿಲ್ಲ. ಸರ್ಕಾರಿ ವಕೀಲರು ಎಂದಿನಂತೆ ಇನ್ನೊಂದು ಅವಕಾಶ ಕೇಳಿದರು. ನಮಗೆ ಪುಕ್ಕಟೆ ಕಾನೂನು ನೆರವಿನಿಂದ ಸಿಕ್ಕಿದ್ದ ವಕೀಲಬಾಯಿ ಎದ್ದು ನಿಂತಳು. ನನ್ನ ಮಗಳ ವಯಸ್ಸಿನವಳು, ಕೆಮ್ಮು ಬೇರೆ.

"ಈ ಆರೋಪ ಸಾಬೀತಾದರೂ ಹೆಚ್ಚೆಂದರೆ ಒಂದು ವರ್ಷ ಶಿಕ್ಷೆ, ಸ್ವಾಮಿ. ವಿಚಾರಣೆ ಅದಕ್ಕಿಂತ ಎಷ್ಟೋ ಉದ್ದ ಬೆಳೆದಿದೆ. ಬೇಗ ವಿಚಾರಣೆ ಮುಗಿಸಿ ಎನ್ನುವುದು ಇವನ ಹಕ್ಕು. ಇದರಲ್ಲಿ ದಯೆ ಕೇಳುತ್ತಿಲ್ಲ."

ನ್ಯಾಯಾಧೀಶರು ಹುಡುಗನ ಕಡೆ ನೋಡಿದರು. ಕಟಕಟೆ ಹಿಡಿದಿದ್ದ ಅವನ ಎಡಗೈಯ ಎರಡು ಬೆರಳು ಮಡಚುತ್ತಿರಲಿಲ್ಲ.

"ಕೈಗೆ ಏನಾಗಿದೆ?"

"ಬಿದ್ದಿದ್ನಿರೀ, ಸಾಹೇಬ್ರ."

"ಹುಬ್ಬಿಗೆ?"

"ಅದೂ ಬಿದ್ದದ್ದರೀ."

"ಎಷ್ಟು ಸಲ ಬೀಳ್ತೀಯಪ್ಪಾ?"

"ತಾರೀಖಿಗೊಮ್ಮೆರೀ."

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ನ್ಯಾಯಾಧೀಶರು ನಗಲಿಲ್ಲ. ಕಡತದ ಹಾಳೆಗಳನ್ನು ಹಿಂದಕ್ಕೆ ತಿರುವುತ್ತ ಹೋದರು, ಬಹಳ ಹಿಂದಕ್ಕೆ. ಆಮೇಲೆ ಸರ್ಕಾರಿ ವಕೀಲರಿಗೆ, "ಸಾಕಷ್ಟು ಅವಕಾಶ ಕೊಟ್ಟಾಗಿದೆ," ಎಂದು ಸಾಕ್ಷ್ಯ ಅಲ್ಲಿಗೇ ಮುಗಿಸಿದರು. ತೀರ್ಪು ಊಟದ ನಂತರ.

ಆ ಊಟದ ಹೊತ್ತನ್ನು ನಾವು ಪಡಸಾಲೆಯ ಗೋಡೆಗೆ ಬೆನ್ನು ಹಚ್ಚಿ ಕಳೆದೆವು. ಹುಡುಗ ನೀರಿಗೂ ಹೊರಗೆ ಹೋಗಲಿಲ್ಲ. ಪಾಯಖಾನೆಗೆ ಹೋದಾಗ ನಾನು ಬಾಗಿಲಲ್ಲಿ ಕೊಡೆ ಹಿಡಿದು ಕಾವಲು ನಿಂತೆ. ಬಿಚ್ಚುವ ಗುಂಡಿಯಿಂದ ಹೆಬ್ಬೆರಳನ್ನು ಈ ಸಲ ದೂರವೇ ಇಟ್ಟಿದ್ದೆ.

ಮಧ್ಯಾಹ್ನ ಜವಾನ ಹೆಸರು ಕೂಗಿದ. ಒಳಗೆ ಹೋದೆವು. ಆರೋಪ ಸಾಬೀತಾಗಿಲ್ಲ, ಬಿಡುಗಡೆ ಎಂದರು. ಇಷ್ಟು ವರ್ಷ ಎಳೆದದ್ದು ನಾಲ್ಕು ವಾಕ್ಯದಲ್ಲಿ ಮುಗಿಯಿತು. ಭೂಕಂಪವೂ ಆಗಲಿಲ್ಲ.

ಸುದ್ದಿ ನಮಗಿಂತ ಮೊದಲೇ ಗೇಟು ದಾಟಿತ್ತು. ಇನ್ನು ಇವನನ್ನು ಯಾರೂ ಏನೂ ಕೇಳುವುದಿಲ್ಲ, ಬಾಯಿ ಮುಚ್ಚಿಸುವ ಕೆಲಸವೂ ಉಳಿದಿಲ್ಲ ಎಂದು ಆ ಮೂವರಿಗೂ ತಿಳಿದಿತ್ತು. ಒಬ್ಬ ಹೆಲ್ಮೆಟ್ ಎತ್ತಿದ. ನಾನು ಕೊಡೆ ಗಟ್ಟಿ ಹಿಡಿದೆ. ಅವನು ಅದನ್ನು ತಲೆಗೆ ಹಾಕಿಕೊಂಡು ಬೈಕು ಒದ್ದ. ಮೂವರೂ ಒಂದೇ ಬೈಕಿನಲ್ಲಿ ಹೋದರು.

ಹುಡುಗ ಕೋರ್ಟಿನ ಮೆಟ್ಟಿಲಲ್ಲಿ ನನಗಿಂತ ಎರಡು ಹೆಜ್ಜೆ ಮುಂದೆ, ಖಾಲಿಯಾದ ಆ ಜಾಗವನ್ನೇ ನೋಡುತ್ತ ನಿಂತಿದ್ದ. ನನಗೆ ಖುಷಿ ಎಷ್ಟಾಗಿತ್ತೆಂದರೆ, ಹುಟ್ಟಿದಾಗಿನಿಂದ ಮೊದಲ ಸಲ ಒಂದು ಕೆಲಸವನ್ನು ಮುಂದೇನಾದೀತೆಂದು ಯೋಚಿಸದೆ ಮಾಡಿದೆ. ಹಿಂದಿನಿಂದ ಹೋಗಿ ಅವನ ಹೆಗಲ ಮೇಲೆ ಕೈ ಹಾಕಿದೆ.

"ನಡಿಯೋ, ಚಹಾ ಕುಡಿಯೂಣು."

ಅವನ ಮೊಣಕೈ ನನ್ನ ಬಾಯಿಗೆ ಬಡಿಯಿತು. ನಾನು ಮೆಟ್ಟಿಲ ಮೇಲೆ ಕುಳಿತಿದ್ದೆ, ಯಾವಾಗ ಕುಳಿತೆನೋ ಗೊತ್ತಿಲ್ಲ. ಅವನು ಮುಷ್ಟಿ ಎತ್ತಿ ನನ್ನ ಮೇಲೆ ಬಾಗಿದ್ದ, ಕಣ್ಣು ಮುಚ್ಚಿಕೊಂಡು. ಆಮೇಲೆ ಕಣ್ಣು ಬಿಟ್ಟ.

"ಕಾಕಾ," ಎಂದ.

ಗೇಟಿನ ಪೊಲೀಸಪ್ಪ ಓಡಿ ಬಂದು ಅವನ ಕಾಲರ್ ಹಿಡಿದ. "ಹೊರಗ ಬಂದ್ ಅರ್ಧಾ ತಾಸ ಆಗಿಲ್ಲ, ಶುರು ಮಾಡಿದೇನಲೇ? ಯಜಮಾನ್ರ, ಕಂಪ್ಲೇಂಟ್ ಕೊಡ್ರಿ. ನಾ ಕಣ್ಣಾರೆ ನೋಡೇನಿ, ಸಾಕ್ಷಿ ಹೇಳತೇನಿ."

ಇಷ್ಟು ವರ್ಷ ಒಬ್ಬ ಸಾಕ್ಷಿಗಾಗಿ ಕಾದಿದ್ದೆವು.

ಬಾಯಿ ತುಂಬ ರಕ್ತವಿತ್ತು. ಕರವಸ್ತ್ರಕ್ಕೆ ಉಗುಳಿದೆ. ಅದರ ಜೊತೆ ಮುಂದಿನ ಹಲ್ಲೂ ಬಂತು, ಬೆಳಿಗ್ಗೆ ಅಷ್ಟು ಹೊತ್ತು ಉಜ್ಜಿದ್ದು.

"ಬಿದ್ದಿದ್ನಿರೀ, ಸಾಹೇಬ್ರ," ಎಂದೆ.